ಮೊದಲು ಬಡವರ ಮನೆಯೋ, ಮೊದಲು ಬೆಟ್ಟವೋ?

ಗ್ರಾಮ ಪಂಚಾಯತಿಯ ವಾರ್ಷಿಕ ಯೋಜನೆಯ ಬಗ್ಗೆ ಕೊಡಗಿನಲ್ಲಿ ಎಲ್ಲಿ ಮಾತನಾಡಿದರೂ ಒಂದು ಪ್ರಶ್ನೆ ಬಂದೇ ಬರುತ್ತದೆ. ಸದಸ್ಯರು ಕೇಳುತ್ತಾರೆ, ಅಭಿವೃದ್ಧಿ ಅಧಿಕಾರಿಗಳು ಕೇಳುತ್ತಾರೆ, ಸ್ವಸಹಾಯ ಸಂಘದ ಹೆಣ್ಣುಮಕ್ಕಳೂ ಕೇಳುತ್ತಾರೆ: “ಬಡವರಿಗೆ ನಿವೇಶನವಿಲ್ಲ, ಕಾಲೋನಿಗೆ ರಸ್ತೆಯಿಲ್ಲ. ಮೊದಲು ಅವನ್ನು ಕೊಡೋಣ, ಪರಿಸರದ ವಿಚಾರ ಆಮೇಲೆ ನೋಡಿಕೊಂಡರಾಗದೇ?” ಹೀಗೆ ಕೇಳುವವರಲ್ಲಿ ಕಾಡು ಹಾಳಾಗಲಿ ಎನ್ನುವವರನ್ನು ನಾನು ಕಂಡಿಲ್ಲ. ಬಿಟ್ಟುಹೋದ ಮನೆಗಳ ಪಟ್ಟಿ ಅವರ ಕೈಯಲ್ಲಿರುತ್ತದೆ, ಪಟ್ಟಿಯಲ್ಲಿರುವವರು ದಿನವೂ ಎದುರಿಗೆ ಸಿಗುತ್ತಾರೆ. ಆದ್ದರಿಂದ ಈ ಪ್ರಶ್ನೆಗೆ ಪೂರ್ತಿಯಾಗಿ ಉತ್ತರಿಸಬೇಕೆಂದು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಉತ್ತರ ಇಷ್ಟು: ಕೊಡಗಿನಲ್ಲಿ ಬಡವರಿಗೆ ಎಂಥ ಜಾಗ ಸಿಗುತ್ತದೆ ಎಂಬುದನ್ನು ನೋಡಿದವರಿಗೆ ಇವು ಎರಡು ಪ್ರಶ್ನೆಗಳಾಗಿ ಉಳಿಯುವುದಿಲ್ಲ.

ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಜನಸಂಖ್ಯೆ ಸುಮಾರು ಐದೂವರೆ ಲಕ್ಷ. ಕಾಗದದ ಮೇಲೆ ಜಾಗ ಧಾರಾಳವಾಗಿ ಕಾಣುತ್ತದೆ. ಆದರೆ ಅದರಲ್ಲಿ ದೊಡ್ಡ ಪಾಲು ಅರಣ್ಯ, ಇನ್ನೊಂದು ದೊಡ್ಡ ಪಾಲು ಕಾಫಿ ತೋಟ, ವಂಶಪಾರಂಪರ್ಯ ಹಕ್ಕಿನ ಜಮ್ಮಾ ಬಾಣೆ (ಮರಗಳಿರುವ ಎತ್ತರದ ಜಮೀನು) ಮತ್ತು ಗದ್ದೆ. ಉಳಿದ ಪೈಸಾರಿಯಲ್ಲಿ, ಅಂದರೆ ಸರ್ಕಾರಿ ಜಾಗದಲ್ಲಿ, ಸಮತಟ್ಟಾದದ್ದು, ನೀರಿನ ಆಸರೆಯಿದ್ದದ್ದು, ರಸ್ತೆಗೆ ಹತ್ತಿರವಿದ್ದದ್ದು ಬಲವಿದ್ದವರ ಕೈಗೆ ಎಂದೋ ಸೇರಿದೆ. ಹೀಗಾಗಿ ತಲೆಮಾರುಗಟ್ಟಲೆ ತೋಟದಲ್ಲಿ ದುಡಿದು, ತೋಟದ ಮಾಲೀಕರು ಕೊಟ್ಟ ಲೈನ್ ಮನೆ (ಸಾಲು ಮನೆ) ಬಿಟ್ಟು ಸ್ವಂತ ಸೂರು ಹುಡುಕುವ ಕುಟುಂಬಕ್ಕೆ ಸಿಗುವುದು ಕಡಿದಾದ ಇಳಿಜಾರು, ಹೊಳೆಯ ದಂಡೆ ಅಥವಾ ಆನೆ ಓಡಾಡುವ ಕಾಡಂಚು. ತೋಟ ಕಾರ್ಮಿಕರಿಗಾಗಿ 1951ರಲ್ಲಿ ಬಂದ ಕಾಯ್ದೆ ದೊಡ್ಡ ತೋಟಗಳ ಮಾಲೀಕರ ಮೇಲೆ ವಸತಿಯ ಹೊಣೆಯನ್ನು ಹೊರಿಸಿತು. ಆದರೆ ಆ ವಸತಿ ಕೆಲಸ ಇರುವಷ್ಟು ದಿನ ಮಾತ್ರ. ಮೈಯಲ್ಲಿ ಕಸುವು ಮುಗಿದ ದಿನ ಮನೆಯೂ ಮುಗಿಯುತ್ತದೆ.

ಸಿದ್ದಾಪುರದ ಸುತ್ತ ಕಾವೇರಿಯ ದಂಡೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಯ ಬೆಟ್ಟದಕಾಡು ಮತ್ತು ಕುಂಬಾರಗುಂಡಿಗಳಲ್ಲಿ ಹೊಳೆಗೆ ಅಂಟಿಕೊಂಡು ಮನೆಗಳು ಬೆಳೆದವು. ಅವು ರಾತ್ರೋರಾತ್ರಿ ಎದ್ದವಲ್ಲ, ವರ್ಷಗಳ ಕಾಲ ಎಲ್ಲರ ಕಣ್ಣೆದುರಿಗೇ ಬೆಳೆದವು. ಜನ ಇದ್ದಾರೆ ಎಂದ ಮೇಲೆ ರಸ್ತೆ, ವಿದ್ಯುತ್ ಕಂಬ, ನಲ್ಲಿ ನೀರು ಬರಲೇಬೇಕು. ಇಂಥ ಪ್ರತಿಯೊಂದು ಕಾಮಗಾರಿಯನ್ನೂ ಬಡವರ ಮೇಲಿನ ಕಾಳಜಿಯಿಂದಲೇ ಮಂಜೂರು ಮಾಡಲಾಗುತ್ತದೆ. 2018ರಲ್ಲಿ ಮತ್ತು ಅದಕ್ಕಿಂತ ಭೀಕರವಾಗಿ 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿದಾಗ ಈ ದಂಡೆಯ ಮನೆಗಳು ಮುಳುಗಿದವು, ಬಹಳಷ್ಟು ಕುಸಿದವು, ಜನ ಪರಿಹಾರ ಕೇಂದ್ರ ಸೇರಿದರು. ಇಂಥ ಕಡೆ ಬಡತನ ನಿವಾರಣೆಗೆಂದು ಕೊಟ್ಟ ಮನೆ, ರಸ್ತೆ, ಪಾತ್ರೆಪಗಡೆ, ಮಕ್ಕಳ ಪುಸ್ತಕ, ಸಂಘದ ಸಾಲದಿಂದ ಕೊಂಡ ಹೊಲಿಗೆ ಯಂತ್ರ, ಎಲ್ಲವೂ ನೀರಿನ ಪಾಲಾಗುತ್ತವೆ. ಪರಿಸರವನ್ನು ಆಮೇಲೆ ನೋಡೋಣ ಎಂದು ಮುಂದೂಡಿದ ಖರ್ಚನ್ನು ಕೊನೆಗೆ ತೆರುವವರು ಆ ಕುಟುಂಬಗಳೇ.

ಬೆಟ್ಟದ ಕಡೆಯ ಕಥೆ ಬೇರೆಯಾಗಿ ಕಂಡರೂ ತರ್ಕ ಅದೇ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ, ಮೊಣ್ಣಂಗೇರಿ ಭಾಗಗಳಲ್ಲಿ, 2019ರಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಬೆಟ್ಟ ಜಾರಿತು. ತೋಟ ಇದ್ದವರೂ ಆಗ ಸರ್ವಸ್ವ ಕಳೆದುಕೊಂಡರು, ಅದನ್ನು ಮರೆಯುವಂತಿಲ್ಲ. ಮಳೆ ವಿಪರೀತವಾಗಿತ್ತು, ಅದೂ ನಿಜ. ಆದರೆ ಮನೆಗೆ, ರಸ್ತೆಗೆ ಇಳಿಜಾರನ್ನು ಕಡಿದದ್ದೂ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಗುರುತಿಸಿತು. ಇದು ಹೇಗೆ ಆಗುತ್ತದೆ ಎಂಬುದನ್ನು ಪಂಚಾಯತಿ ಸದಸ್ಯರೆಲ್ಲ ತಿಳಿದಿರಬೇಕು. ಮೂರು ಸೆಂಟ್ ನಿವೇಶನಕ್ಕಾಗಿ ಜೆಸಿಬಿಯಿಂದ ಬರೆಯನ್ನು, ಅಂದರೆ ಗುಡ್ಡದ ಇಳಿಜಾರನ್ನು, ನೇರವಾಗಿ ಕಡಿದಾಗ ಮೇಲಿನ ಮಣ್ಣಿಗೆ ಬುಡದ ಆಸರೆ ತಪ್ಪುತ್ತದೆ. ಕಡಿದ ಮಣ್ಣನ್ನು ಕೆಳಗಿನ ಅಂಚಿಗೆ ಸುರಿದಾಗ ಕೆಳಗಿನ ಮನೆಯ ತಲೆಯ ಮೇಲೆ ಸಡಿಲ ಮಣ್ಣಿನ ರಾಶಿ ನಿಲ್ಲುತ್ತದೆ. ಮಳೆನೀರು ಹರಿಯುತ್ತಿದ್ದ ತೋಡು ಮುಚ್ಚಿಹೋದರೆ ಆ ನೀರು ಹರಿಯುವ ಬದಲು ಒಳಗೆ ಇಂಗುತ್ತಾ ಮಣ್ಣಿನ ಭಾರವನ್ನು ಹೆಚ್ಚಿಸುತ್ತದೆ. ಮೇಲಿನಿಂದ ಬಂದ ಕಾಂಕ್ರೀಟ್ ರಸ್ತೆಗೆ ಪಕ್ಕದ ಚರಂಡಿ, ಮೋರಿಗಳಿಲ್ಲದಿದ್ದರೆ ಇಡೀ ಗುಡ್ಡದ ನೀರನ್ನು ಅದೇ ಕಾಲೋನಿಯ ಮೇಲೆ ತಂದು ಸುರಿಯುತ್ತದೆ. ಕಾಲೋನಿಗೆ ರಸ್ತೆ ಬೇಡ ಎಂದು ನಾನು ಹೇಳುತ್ತಿಲ್ಲ. ರಸ್ತೆಯ ಅಂದಾಜು ಪಟ್ಟಿಯಲ್ಲಿ ಚರಂಡಿ, ಮೋರಿ, ನೀರು ಬಸಿಯುವ ಕಿಂಡಿಗಳಿರುವ ತಡೆಗೋಡೆ ಇಲ್ಲದಿದ್ದರೆ ಆ ರಸ್ತೆ ಬಡವರಿಗಾಗಿ ಮಾಡಿದ್ದಾಗುವುದಿಲ್ಲ. ಹಣ ಸಾಲದಿದ್ದರೆ ನೂರು ಮೀಟರ್ ರಸ್ತೆ ಕಡಿಮೆ ಮಾಡಿ, ಚರಂಡಿಯನ್ನು ಬಿಡಬೇಡಿ.

ಹಕ್ಕುಪತ್ರದ ವಿಚಾರ ಇನ್ನೂ ಸೂಕ್ಷ್ಮವಾದದ್ದು. ಕರ್ನಾಟಕ ಭೂಕಂದಾಯ ಕಾಯ್ದೆಯ 94ಸಿ ಕಲಮಿನ ಅಡಿಯಲ್ಲಿ ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ವಾಸದ ಮನೆಗಳನ್ನು ಸಕ್ರಮಗೊಳಿಸುವ ಅವಕಾಶವಿದೆ. ಬಡ ಕುಟುಂಬಕ್ಕೆ ಕಾಗದ ಸಿಗುವುದು ಸಣ್ಣ ಸಂಗತಿಯಲ್ಲ. ಸಾಲಕ್ಕೆ, ವಸತಿ ಯೋಜನೆಯ ಸಹಾಯಧನಕ್ಕೆ, ಎಬ್ಬಿಸುವ ಭಯವಿಲ್ಲದೆ ನಿದ್ದೆ ಮಾಡುವುದಕ್ಕೆ ಅದೇ ಆಧಾರ. ಆದರೆ ಜಾರುವ ಬರೆಯ ಮೇಲಿನ ಮನೆಗೆ ಕೊಟ್ಟ ಹಕ್ಕುಪತ್ರ ಆ ಕುಟುಂಬವನ್ನು ಅಪಾಯಕ್ಕೇ ಕಟ್ಟಿಹಾಕುತ್ತದೆ. ಹಾಗೆಂದು ಕಾಗದ ತಡೆಹಿಡಿಯುವುದೂ ಅನ್ಯಾಯವೇ, ಏಕೆಂದರೆ ಅವರು ಬೇರೆಲ್ಲಿಗೂ ಹೋಗಲಾರರು. ಅಪಾಯದ ಜಾಗದಲ್ಲಿರುವ ಅರ್ಜಿದಾರರಿಗೆ ಅದೇ ಪಂಚಾಯತಿಯ ವ್ಯಾಪ್ತಿಯಲ್ಲಿ, ಕೂಲಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಬದಲಿ ನಿವೇಶನ ಗುರುತಿಸಿ ಅಲ್ಲಿಗೆ ಹಕ್ಕುಪತ್ರ ಕೊಡುವುದು ಮಾತ್ರ ಸರಿಯಾದ ದಾರಿಯೆಂದು ನನಗೆ ಅನಿಸುತ್ತದೆ. ಹತ್ತಿರದಲ್ಲಿ ಎಂಬುದಕ್ಕೆ ಒತ್ತು ಕೊಡುತ್ತೇನೆ. 2018ರ ಸಂತ್ರಸ್ತರಿಗಾಗಿ ಜಂಬೂರು, ಕರ್ಣಂಗೇರಿ, ಮದೆನಾಡುಗಳಲ್ಲಿ ಮನೆಗಳು ಎದ್ದವು, ಅದು ದೊಡ್ಡ ಕೆಲಸ. ಆದರೆ ಮನೆ ಒಂದು ಕಡೆ, ದುಡಿಮೆ ಇನ್ನೊಂದು ಕಡೆ ಆದಾಗ ಬಸ್ಸಿನ ಖರ್ಚು, ಕಳೆದುಹೋಗುವ ಕೂಲಿ ದಿನಗಳು ಕುಟುಂಬವನ್ನು ಸವೆಸುತ್ತವೆ.

ಆದಿವಾಸಿಗಳ ವಿಚಾರದಲ್ಲಿ ‘ಪರಿಸರ’ ಎಂಬ ಮಾತೇ ಭಯ ಹುಟ್ಟಿಸುತ್ತದೆ, ಅದಕ್ಕೆ ಕಾರಣವೂ ಇದೆ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಕುಟುಂಬಗಳ ಗುಡಿಸಲುಗಳನ್ನು ಅರಣ್ಯ ಭೂಮಿಯೆಂಬ ಕಾರಣಕ್ಕೆ ತೆರವು ಮಾಡಲಾಯಿತು. ಅವರಲ್ಲಿ ಅನೇಕರು ಲೈನ್ ಮನೆಗಳಿಂದ ಹೊರಬಂದು ತಮ್ಮದೇ ನೆಲ ಬೇಕೆಂದವರು. ಕೊನೆಗೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಅವರಿಗೆ ಮನೆಗಳಾದವು. ಪಶ್ಚಿಮ ಘಟ್ಟಗಳ ಸಂರಕ್ಷಣೆಯ ಕುರಿತಾದ ಗಾಡ್ಗೀಳ್ ಸಮಿತಿಯ 2011ರ ವರದಿ, ಕಸ್ತೂರಿರಂಗನ್ ಸಮಿತಿಯ 2013ರ ವರದಿಗಳ ಬಗ್ಗೆ ಊರೂರಲ್ಲಿ ಎದ್ದ ಆತಂಕವೂ ಇದೇ ಜಾತಿಯದು: ಎಲ್ಲೋ ಕುಳಿತವರು ನಕ್ಷೆಯ ಮೇಲೆ ಗೆರೆ ಎಳೆದರೆ ನಮ್ಮ ಮನೆ ಆ ಗೆರೆಯ ಯಾವ ಬದಿಗೆ ಬೀಳುತ್ತದೆ ಎಂಬ ದಿಗಿಲು. ಈ ದಿಗಿಲಿಗೆ ನನಗೆ ತಿಳಿದ ಮದ್ದು ಒಂದೇ: ಗೆರೆಯನ್ನು ಊರಿನವರೇ, ವಾರ್ಡ್ ಸಭೆಯಲ್ಲಿ ಕುಳಿತು ಎಳೆಯಬೇಕು. ಯಾವ ಬರೆ ಹಿಂದೆ ಜಾರಿತ್ತು, ಹೊಳೆ ಎಲ್ಲಿಯವರೆಗೆ ಬಂದಿತ್ತು, ಆನೆ ಯಾವ ಹಾದಿಯಲ್ಲಿ ದಾಟುತ್ತದೆ, ಬೇಸಿಗೆಯಲ್ಲೂ ಬತ್ತದ ಒರತೆ ಎಲ್ಲಿದೆ ಎಂಬುದು ಅಲ್ಲಿಯ ಹಿರಿಯರಿಗೆ ಗೊತ್ತು. ಕಾಡುಹಾದಿಯ ಬಗ್ಗೆ ಯರವರಿಗೆ, ಜೇನುಕುರುಬರಿಗೆ ಇರುವ ತಿಳಿವಳಿಕೆ ಯಾವ ಇಲಾಖೆಯ ಕಡತದಲ್ಲೂ ಸಿಗುವುದಿಲ್ಲ.

ಇದಕ್ಕೆಲ್ಲ ಹಣವೆಲ್ಲಿ ಎನ್ನುವುದು ಮುಂದಿನ ಪ್ರಶ್ನೆ. ಪರಿಸರಕ್ಕೆಂದೇ ಬೇರೆ ಹಣ ಬರಲಿ ಎಂದು ಕಾಯುವುದು ಬೇಡ. ಸಂವಿಧಾನದ ಹನ್ನೊಂದನೆಯ ಅನುಸೂಚಿ ಪಂಚಾಯತಿಗಳಿಗೆಂದು ಹೆಸರಿಸಿರುವ 29 ವಿಷಯಗಳಲ್ಲಿ ಮಣ್ಣು ಸಂರಕ್ಷಣೆ, ಜಲಾನಯನ, ಸಾಮಾಜಿಕ ಅರಣ್ಯ, ವಸತಿ, ಬಡತನ ನಿವಾರಣೆ ಎಲ್ಲವೂ ಒಟ್ಟಿಗೇ ಇವೆ. 2021ರಿಂದ 15ನೇ ಹಣಕಾಸು ಆಯೋಗದ ಅನುದಾನದ ಶೇಕಡಾ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಯಿತು. 2005ರ ಉದ್ಯೋಗ ಖಾತ್ರಿ ಕಾಯ್ದೆಯಂತೆ ಜಿಲ್ಲೆಯ ಕಾಮಗಾರಿಗಳ ವೆಚ್ಚದಲ್ಲಿ ಕನಿಷ್ಠ ಶೇಕಡಾ 60 ಭಾಗ ಭೂಮಿ, ನೀರು, ಮರಗಳ ಮೂಲಕ ಕೃಷಿಗೆ ನೆರವಾಗುವ ಆಸ್ತಿಗಳಿಗೆ ಹೋಗಬೇಕಿತ್ತು. ಅಂದರೆ ನೆಲ ಮತ್ತು ನೀರಿನ ಹೆಸರಿನಲ್ಲೇ ಹಣ ಬಂದಿದೆ. ಒರತೆಯ ಮೇಲಿನ ಗುಡ್ಡದ ಮರ ಹೋಗಿರುವಾಗ ಕೆಳಗೆ ಟ್ಯಾಂಕ್ ಕಟ್ಟಿ ಪೈಪ್ ಎಳೆದರೆ ಏಪ್ರಿಲ್‌ನಲ್ಲಿ ಪೈಪಿನಿಂದ ಗಾಳಿ ಬರುತ್ತದೆ. ಅದೇ ಹಣದಲ್ಲಿ ಸ್ವಲ್ಪವನ್ನು ಒರತೆಯ ಸುತ್ತಲಿನ ನೆಲಕ್ಕೆ ಹಾಕಿದ್ದರೆ ಕಾಲೋನಿಯ ಹೆಂಗಸರು ಕೊಡ ಹೊತ್ತು ತೋಟದ ಬಾವಿಗೆ ಹೋಗಬೇಕಾಗಿರಲಿಲ್ಲ. ಕಾಫಿ ಕೊಯ್ಲಿನ ಕಾಲದಲ್ಲಿ ಪಲ್ಪಿಂಗ್ ಮಾಡಿದ (ಹಣ್ಣಿನ ಸಿಪ್ಪೆ ಬಿಡಿಸಿದ) ನೀರನ್ನು ಸಂಸ್ಕರಿಸದೆ ತೋಡಿಗೆ ಬಿಟ್ಟಾಗಲೂ ಹಾಗೆಯೇ. ಆಮ್ಲೀಯವಾದ ಆ ನೀರು ತೋಡಿನ ಆಮ್ಲಜನಕವನ್ನು ಕಬಳಿಸುತ್ತದೆ, ಸ್ವಂತ ಬಾವಿ ಇದ್ದವರಿಗೆ ಅದರಿಂದ ಅಷ್ಟು ತೊಂದರೆಯಿಲ್ಲ, ತೋಡಿನ ನೀರನ್ನೇ ಬಳಸುವವರು ಕಷ್ಟಕ್ಕೆ ಬೀಳುತ್ತಾರೆ. ಹಣ ಬೇಕಿಲ್ಲದ ಕೆಲಸವೂ ಇದೆ: 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯತಿಯಲ್ಲಿ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಯಲ್ಲಿ ಹೊಳೆ ದಂಡೆಯವರಿಗೂ ಆದಿವಾಸಿ ಹಾಡಿಗಳ (ವಸತಿಗಳ) ಜನರಿಗೂ ಜಾಗ ಕೊಡುವುದು.

ವಿಶ್ವಸಂಸ್ಥೆಯ ಅಭಿವೃದ್ಧಿ ಮತ್ತು ಪರಿಸರ ಕಾರ್ಯಕ್ರಮಗಳು ಬಡತನ ಹಾಗೂ ಪರಿಸರವನ್ನು ಯೋಜನೆಯೊಳಗೆ ಒಟ್ಟಿಗೆ ತರುವ ಉಪಕ್ರಮವೊಂದನ್ನು 2005ರಲ್ಲೇ ಜಂಟಿಯಾಗಿ ಆರಂಭಿಸಿದವು. ವಿಚಾರ ಹೊಸದಲ್ಲ. ನಮ್ಮಲ್ಲಿ ಕೊರತೆ ಇರುವುದು ಕ್ರಮದಲ್ಲಿ. ಯೋಜನೆ ಕಾಮಗಾರಿಗಳ ಪಟ್ಟಿಯಿಂದ ಆರಂಭವಾಗುತ್ತದೆ. ಯಾರು ಎಲ್ಲಿ ವಾಸಿಸುತ್ತಿದ್ದಾರೆ ಎಂಬ ನಕ್ಷೆ ಎಂದಿಗೂ ಮೊದಲು ಬರುವುದಿಲ್ಲ.

ಕಾಲದ್ದೂ ಒಂದು ತೊಡಕು. ಯೋಜನೆಯ ಅಭಿಯಾನ ಸಾಮಾನ್ಯವಾಗಿ ಅಕ್ಟೋಬರ್ 2ರಂದು ಆರಂಭವಾಗುತ್ತದೆ. ಅಷ್ಟರಲ್ಲಿ ಬರೆಯ ಬಿರುಕುಗಳನ್ನು ಹುಲ್ಲು ಮುಚ್ಚಿರುತ್ತದೆ, ಹೊಳೆ ತನ್ನ ಪಾತ್ರಕ್ಕೆ ಇಳಿದಿರುತ್ತದೆ. ಸಭೆಗಳು ಮುಂದಕ್ಕೆ ಹೋಗುತ್ತಾ ಕೊಯ್ಲಿನ ಕಾಲಕ್ಕೆ ಬಂದರೆ ಲೈನ್ ಮನೆಯವರು ಬರುವುದೇ ಇಲ್ಲ, ಒಂದು ದಿನದ ಕೂಲಿ ಬಿಟ್ಟು ಬರಲು ಅವರಿಗೆ ಸಾಧ್ಯವಿಲ್ಲ. ಆದ್ದರಿಂದ ನನ್ನನ್ನು ಕೇಳುವ ಸದಸ್ಯರಿಗೆ ನಾನು ಎರಡು ಕೆಲಸ ಹೇಳುತ್ತೇನೆ. ಜುಲೈ, ಆಗಸ್ಟ್‌ನಲ್ಲಿ ಮಳೆ ಸುರಿಯುವಾಗಲೇ ವಾರ್ಡಿನ ಎಲ್ಲ ಪೈಸಾರಿ ಮನೆಗಳ ಸುತ್ತ ನಡೆದು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಬರೆದಿಟ್ಟುಕೊಳ್ಳಿ, ಜತೆಗೆ ಎಂಜಿನಿಯರರನ್ನೂ ಕರೆದೊಯ್ಯಿರಿ. ವಾರ್ಡ್ ಸಭೆಯನ್ನು ಸಂತೆಯ ದಿನ, ತೋಟಗಳಿಗೆ ರಜೆ ಇರುವಾಗ, ಲೈನ್ ಮನೆಗಳಿಗೆ ಹತ್ತಿರದಲ್ಲಿ ಇಡಿ. ನಿವೇಶನದ ಪಟ್ಟಿಗೆ ಕೈ ಹಾಕುವ ಮೊದಲು ನೀವು ಬರೆದುಕೊಂಡದ್ದನ್ನು ಅಲ್ಲಿ ಗಟ್ಟಿಯಾಗಿ ಓದಿ, ತಪ್ಪಿದ್ದರೆ ಅವರಿಂದಲೇ ತಿದ್ದಿಸಿಕೊಳ್ಳಿ.