ತುಕಾರಾಂ ಓಂಬ್ಳೆ ಮಾಡಿದ್ದು ಕ್ಷಣದ ಆವೇಶವೇ?

ಪ್ರತಿ ವರ್ಷ ನವೆಂಬರ್ 26ರಂದು ನಾನು ಮುಂಬೈ ಪೊಲೀಸ್‌ನ ಸಹಾಯಕ ಸಬ್ ಇನ್‌ಸ್ಪೆಕ್ಟರ್ ತುಕಾರಾಂ ಓಂಬ್ಳೆ ಅವರ ಬಗ್ಗೆ ನಾಲ್ಕು ಸಾಲು ಬರೆಯುತ್ತೇನೆ. ಬರೆದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ: “ಅವರ ಮೇಲೆ ಗೌರವವಿದೆ, ಆದರೆ ಲಾಠಿ ಹಿಡಿದವರು ಎಕೆ-47ಕ್ಕೆ ಕೈ ಹಾಕಿದ್ದು ಆ ಕ್ಷಣದ ಆವೇಶವಲ್ಲವೇ? ಅದನ್ನು ಇಷ್ಟು ವರ್ಷ ನೆನೆಯಬೇಕೇ?” ಕೇಳುವವರಲ್ಲಿ ದುರುದ್ದೇಶವಿಲ್ಲ ಎಂದು ಬಲ್ಲೆ. ಆದರೂ ಆವೇಶ ಎಂಬ ಮಾತನ್ನು ನಾನು ಒಪ್ಪಲಾರೆ.

2008ರ ಮುಂಬೈ ದಾಳಿಯ ಆ ರಾತ್ರಿ ಭಯೋತ್ಪಾದಕರಾದ ಅಜ್ಮಲ್ ಕಸಬ್ ಮತ್ತು ಇಸ್ಮಾಯಿಲ್ ಖಾನ್ ಛತ್ರಪತಿ ಶಿವಾಜಿ ಟರ್ಮಿನಸ್‌ನಲ್ಲಿ ಪ್ರಯಾಣಿಕರನ್ನು ಕೊಂದು, ಕಾಮಾ ಆಸ್ಪತ್ರೆಯ ಬಳಿಯ ಓಣಿಯಲ್ಲಿ ಪೊಲೀಸ್ ಅಧಿಕಾರಿಗಳಾದ ಹೇಮಂತ್ ಕರ್ಕರೆ, ಅಶೋಕ್ ಕಾಮ್ಟೆ, ವಿಜಯ್ ಸಾಲಸ್ಕರ್ ಅವರಿದ್ದ ಪೊಲೀಸ್ ವಾಹನದ ಮೇಲೆ ಗುಂಡಿನ ಮಳೆಗರೆದು, ಕೊನೆಗೆ ಒಂದು ಸ್ಕೋಡಾ ಕಾರನ್ನು ಕಿತ್ತುಕೊಂಡು ಗಿರ್ಗಾಂವ್ ಚೌಪಾಟಿಯ ಕಡೆಗೆ ಬಂದರು. ಅಲ್ಲಿ ಡಿ.ಬಿ. ಮಾರ್ಗ್ ಠಾಣೆಯ ಸಿಬ್ಬಂದಿ ಬ್ಯಾರಿಕೇಡ್ ಹಾಕಿ ಕಾಯುತ್ತಿದ್ದರು. ಅಡ್ಡಗಟ್ಟಿದ್ದನ್ನು ಕಂಡು ಕಾರು ತಿರುಗಿಸಲು ಹೋದಾಗ ಅದು ರಸ್ತೆಯ ವಿಭಜಕಕ್ಕೆ ತಾಗಿ ನಿಂತಿತು. ಗುಂಡಿನ ಚಕಮಕಿಯಲ್ಲಿ ಇಸ್ಮಾಯಿಲ್ ಸತ್ತ. ಕಸಬ್‌ನ ಬಳಿಗೆ ಹೋಗಿ ಅವನ ಬಂದೂಕಿನ ನಳಿಕೆಯನ್ನು ಹಿಡಿದವರು ಓಂಬ್ಳೆ. ನಳಿಕೆಯ ಬಾಯಿ ಅವರ ಹೊಟ್ಟೆಯ ಕಡೆಗಿತ್ತು. ಕಸಬ್ ಗುಂಡು ಹಾರಿಸಿದ. ಓಂಬ್ಳೆ ಕೈ ಬಿಡಲಿಲ್ಲ, ಅಷ್ಟರಲ್ಲಿ ಉಳಿದ ಪೊಲೀಸರು ಲಾಠಿಗಳಿಂದ ಹೊಡೆದು ಅವನನ್ನು ಕೆಡವಿದರು.

ಅವರ ದೇಹಕ್ಕೆ ಹೊಕ್ಕ ಗುಂಡುಗಳ ಸಂಖ್ಯೆಯನ್ನು ಹಲವರು ಹಲವು ಬಗೆಯಲ್ಲಿ ಹೇಳುತ್ತಾರೆ. ನನಗೆ ಸಂಖ್ಯೆಗಿಂತ ಮುಖ್ಯವಾದದ್ದು ಮೊದಲ ಗುಂಡು. ನಳಿಕೆಗೆ ಕೈ ಹಾಕಿದ್ದನ್ನು ಯಾರಾದರೂ ಆವೇಶ ಎನ್ನಲಿ, ಮೊದಲ ಗುಂಡು ಹೊಕ್ಕ ಮೇಲೂ ಹಿಡಿತ ಸಡಿಲವಾಗದಿದ್ದುದಕ್ಕೆ ಆ ಹೆಸರು ಹೊಂದುವುದಿಲ್ಲ.

ಇನ್ನೊಂದು ಸಂಗತಿಯನ್ನು ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಮರೆತಿರುತ್ತಾರೆ. ಓಂಬ್ಳೆ ಮಾಜಿ ಸೈನಿಕರು. ನಮ್ಮ ಕೊಡಗಿನಂತೆಯೇ ಸೈನಿಕರ ನಾಡೆಂದು ಹೆಸರಾದ ಸಾತಾರಾ ಜಿಲ್ಲೆಯ ಕೇಡಂಬೆ ಗ್ರಾಮದವರಾದ ಅವರು ಭಾರತೀಯ ಸೇನೆಯ ಸಿಗ್ನಲ್ಸ್ ದಳದಲ್ಲಿ ನಾಯಕ್ ಆಗಿ ನಿವೃತ್ತರಾಗಿ, 1991ರಲ್ಲಿ ಮುಂಬೈ ಪೊಲೀಸ್ ಸೇರಿದರು. ಬಂದೂಕು ಅವರಿಗೆ ಹೊಸದಲ್ಲ. ನನ್ನ ಚಿಕ್ಕಪ್ಪನೂ ಹೀಗೆ ಸೇನೆಯಿಂದ ಬಂದು ಪೊಲೀಸ್ ಸೇರಿದವರು. ನಾನು ಚಿಕ್ಕವನಿದ್ದಾಗ ಜಾತ್ರೆಯಿಂದ ತಂದ ಆಟದ ಬಂದೂಕನ್ನು ಅವರತ್ತ ಗುರಿಯಿಟ್ಟಿದ್ದೆ. ಅವರು ನಗಲಿಲ್ಲ, ನಳಿಕೆಯನ್ನು ಎರಡು ಬೆರಳಿನಿಂದ ನೆಲದ ಕಡೆಗೆ ತಿರುಗಿಸಿ, “ಖಾಲಿಯಿದ್ದರೂ ಇದರ ಬಾಯಿ ಮನುಷ್ಯರ ಕಡೆಗೆ ಇರಬಾರದಪ್ಪ, ಇದರ ಮುಂದೆ ನಾವೂ ನಿಲ್ಲಬಾರದು” ಎಂದರು. ಸೇನೆಯಲ್ಲಿ ಮೊದಲ ದಿನಗಳಲ್ಲೇ ಕಲಿಸುವ ಪಾಠವಂತೆ ಅದು. ವರ್ಷಗಟ್ಟಲೆ ಆಯುಧದೊಂದಿಗೆ ಬದುಕಿದವರ ಮೈಯೇ ನಳಿಕೆಯಿಂದ ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಹಾಗಿರುವಾಗ ನಳಿಕೆಯ ಬಾಯಿಗೇ ಎದುರಾಗಿ ನಿಂತವರು ಏನು ಮಾಡುತ್ತಿದ್ದೇನೆಂದು ತಿಳಿಯದೆ ನಿಂತರು ಎನ್ನುವುದನ್ನು ನಾನು ನಂಬಲಾರೆ. ಆ ಬಂದೂಕು ಏನು ಮಾಡಬಲ್ಲದು ಎಂಬುದು ಆ ರಸ್ತೆಯಲ್ಲಿದ್ದ ಮಾಜಿ ಸೈನಿಕನಿಗೆ ಗೊತ್ತಿತ್ತು.

ಆ ಹಿಡಿತದಿಂದ ದೇಶಕ್ಕೆ ದಕ್ಕಿದ್ದೇನು ಎಂಬುದನ್ನೂ ಹೇಳಬೇಕು. ದಾಳಿಗೆ ಬಂದ 10 ಮಂದಿಯಲ್ಲಿ ಜೀವಂತ ಸಿಕ್ಕವನು ಕಸಬ್ ಒಬ್ಬನೇ. ದಾಳಿಕೋರರ ಬಳಿ ಹೈದರಾಬಾದಿನ ಕಾಲೇಜೊಂದರ, ಹಿಂದೂ ಹೆಸರುಗಳ ನಕಲಿ ಗುರುತಿನ ಚೀಟಿಗಳಿದ್ದವು. ‘ಡೆಕ್ಕನ್ ಮುಜಾಹಿದೀನ್’ ಎಂಬ ಹೆಸರಿನಲ್ಲಿ ದಾಳಿಯ ಹೊಣೆ ಹೊತ್ತ ಇ-ಮೇಲ್ ಕೂಡ ಬಂದಿತ್ತು. ಹತ್ತೂ ಜನ ಸತ್ತಿದ್ದರೆ, 166 ಜೀವಗಳನ್ನು ಬಲಿ ಪಡೆದ ಈ ಕೃತ್ಯವನ್ನು ನಮ್ಮ ನೆಲದವರ ತಲೆಗೇ ಕಟ್ಟುವ ಸಂಚಿಗೆ ಎಷ್ಟು ಬಲ ಬರುತ್ತಿತ್ತೆಂದು ಯೋಚಿಸಿ. ಕಸಬ್ ತನ್ನ ಪ್ರಜೆಯೆಂದು 2009ರ ಜನವರಿಯಲ್ಲಿ ಪಾಕಿಸ್ತಾನ ಒಪ್ಪಿಕೊಳ್ಳಬೇಕಾಯಿತು. ವಕೀಲರ ನೆರವು ಪಡೆದು, ವಿಚಾರಣಾ ನ್ಯಾಯಾಲಯದಿಂದ ಸುಪ್ರೀಂ ಕೋರ್ಟ್‌ವರೆಗೆ ಎಲ್ಲ ಹಂತಗಳನ್ನು ಕಂಡ ಮೇಲೆಯೇ ಅವನಿಗೆ 2012ರ ನವೆಂಬರ್ 21ರಂದು ಯೆರವಡಾ ಜೈಲಿನಲ್ಲಿ ಗಲ್ಲಾಯಿತು. ದಾಳಿಯ ಸತ್ಯ ನ್ಯಾಯಾಲಯದ ದಾಖಲೆಯಾಗಿ ಉಳಿದದ್ದರ ಮೂಲ ಚೌಪಾಟಿಯ ಆ ಕೆಲವು ಕ್ಷಣಗಳಲ್ಲಿದೆ.

ಗೌರವಗಳು ಸಂದಿವೆ. 2009ರ ಗಣರಾಜ್ಯೋತ್ಸವದಂದು ಅವರಿಗೆ ಮರಣೋತ್ತರವಾಗಿ ಅಶೋಕ ಚಕ್ರ ಬಂತು. ಅದೇ ದಾಳಿಯಲ್ಲಿ ತಾಜ್ ಹೋಟೆಲಿನೊಳಗೆ ಹುತಾತ್ಮರಾದ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರಿಗೂ ಅದೇ ದಿನ ಬಂತು. ಚೌಪಾಟಿಯಲ್ಲಿ ಓಂಬ್ಳೆಯವರ ಪ್ರತಿಮೆ ಇದೆ. 2021ರಲ್ಲಿ ಮಹಾರಾಷ್ಟ್ರದಲ್ಲಿ ಪತ್ತೆಯಾದ ಹೊಸ ಜಾತಿಯ ಜಿಗಿಯುವ ಜೇಡವೊಂದಕ್ಕೆ ಸಂಶೋಧಕರು ‘ಐಸಿಯಸ್ ತುಕಾರಾಮಿ’ ಎಂದು ಹೆಸರಿಟ್ಟರು. ಈ ಕೊನೆಯದು ನನಗೆ ತುಂಬ ಹಿಡಿಸಿದ ಗೌರವ.

ಇಷ್ಟು ವರ್ಷ ನೆನೆಯಬೇಕೇ ಎಂಬುದಕ್ಕೆ ನನ್ನ ಉತ್ತರ ಬೇರೊಂದು ದಿನದಲ್ಲಿದೆ. 1959ರ ಅಕ್ಟೋಬರ್ 21ರಂದು ಲಡಾಖ್‌ನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀ ಪಡೆಗಳ ಗುಂಡಿಗೆ ಬಲಿಯಾದ 10 ಪೊಲೀಸರ ನೆನಪಿಗೆ ದೇಶದೆಲ್ಲೆಡೆ ಪ್ರತಿ ಅಕ್ಟೋಬರ್ 21ನ್ನು ಪೊಲೀಸ್ ಹುತಾತ್ಮರ ದಿನವಾಗಿ ಆಚರಿಸುತ್ತಾರೆ. ಬೆಂಗಳೂರಿನಲ್ಲಿ ಅದು ನಡೆಯುವುದು ಮೈಸೂರು ರಸ್ತೆಯ ಸಿಎಆರ್ (ನಗರ ಸಶಸ್ತ್ರ ಮೀಸಲು ಪೊಲೀಸ್ ಪಡೆ) ಮೈದಾನದಲ್ಲಿ. ಚಿಕ್ಕಪ್ಪ ನನ್ನನ್ನು ಒಮ್ಮೆ ಅಲ್ಲಿಗೆ ಕರೆದೊಯ್ದಿದ್ದರು. ಶೋಕಶಸ್ತ್ರದ ಆದೇಶವಾದಾಗ ಸಾಲಾಗಿ ನಿಂತವರೆಲ್ಲ ಬಂದೂಕನ್ನು ತಲೆಕೆಳಗು ಮಾಡಿ, ನಳಿಕೆಯ ಬಾಯಿಯನ್ನು ತಮ್ಮ ಬೂಟಿನ ಮೇಲಿಟ್ಟು ತಲೆ ತಗ್ಗಿಸಿದರು. ಆ ವರ್ಷ ದೇಶದಾದ್ಯಂತ ಕರ್ತವ್ಯದಲ್ಲಿ ಮಡಿದವರ ಹೆಸರುಗಳನ್ನು ಒಂದೊಂದಾಗಿ ಓದತೊಡಗಿದರು. ಬಹಳಷ್ಟು ಕಾನ್‌ಸ್ಟೆಬಲ್‌ಗಳು, ಹೆಡ್ ಕಾನ್‌ಸ್ಟೆಬಲ್‌ಗಳು. ನಾನು ಕೇಳಿಯೇ ಇರದ ಊರುಗಳವರು. ಅವರಲ್ಲಿ ಎಷ್ಟು ಮಂದಿ ಮೊದಲು ಸೈನ್ಯದಲ್ಲಿದ್ದವರೋ ಎಂದು ಚಿಕ್ಕಪ್ಪನನ್ನು ಕೇಳಬೇಕೆಂದು ತಿರುಗಿದೆ. ಅವರು ನೇರವಾಗಿ ನಿಂತು, ಓದುತ್ತಿದ್ದ ಪ್ರತಿ ಹೆಸರನ್ನೂ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದರು.