ಗೋಡೆ ಸಂದಿಯ ಮುಜಂಟಿ, ತಾರಸಿಯ ಸೌತೆಕಾಯಿ

ಬಸವನಗುಡಿಯ ನಮ್ಮ ಹಳೇ ಮನೆಯ ಮೀಟರ್ ಬಾಕ್ಸ್ ಪಕ್ಕ, ಗೋಡೆ ಸಂದಿಯಿಂದ ಬೆರಳುದ್ದದ ಒಂದು ಅಂಟಂಟು ಕೊಳವೆ ಹೊರಗೆ ಚಾಚಿದೆ. ಬಣ್ಣ ಬಳಿಯಲು ಬಂದವರು ಅದನ್ನು ಕೆರೆದು ಸಿಮೆಂಟ್ ಮೆತ್ತಲು ಹೊರಟಿದ್ದರು. "ಅಯ್ಯೋ, ಮುಟ್ಬೇಡಿ, ಅದು ಮುಜಂಟಿ" ಅಂತ ತಡೆದವರು ಪುತ್ತೂರಿನಿಂದ ಬಂದಿದ್ದ ನಮ್ಮ ಅತ್ತೆ. ಮಲೆನಾಡಿನವರು ಮಿಸ್ರಿ ಅಂತಾರಲ್ಲ, ಅದೇ ಜೇನು; ಆ ಕೊಳವೆ ಅದರ ಗೂಡಿನ ಬಾಗಿಲು. ನುಸಿಯಂತೆ ಕಾಣುತ್ತೆ, ಉದ್ದ ಸುಮಾರು 4 ಮಿ.ಮೀ. ಚುಚ್ಚೋದಿಲ್ಲ, ಕೆಣಕಿದರೆ ಕಚ್ಚುತ್ತೆ ಅಷ್ಟೇ.

ಹೋದ ವರ್ಷ ತಾರಸಿಯಲ್ಲಿ ಬೆಳೆದ ಸೌತೆಕಾಯಿ ಎಲ್ಲಾ ಸೊಟ್ಟ. ಒಂದು ತುದಿ ದಪ್ಪ, ಇನ್ನೊಂದು ಬಾಲದ ಹಾಗೆ. ಗೊಬ್ಬರ ಸಾಲದೇನೋ ಅಂದುಕೊಂಡು ಸುರಿದಿದ್ದೇ ಸುರಿದಿದ್ದು. ಆದರೆ ಸೌತೆಯ ಹೆಣ್ಣು ಹೂ ಅರಳಿರೋದು ಒಂದೇ ದಿನ, ಆ ದಿನ ಸಾಕಷ್ಟು ಪರಾಗ ಬೀಳದಿದ್ದರೆ ಬೀಜ ಕಟ್ಟದ ಕಡೆ ಕಾಯಿ ತುಂಬಿಕೊಳ್ಳದೆ ಹಾಗೇ ಸೊರಗುತ್ತೆ. ಆಗ ನಾನು ಬೆಳಿಗ್ಗೆ ಒಂಬತ್ತಕ್ಕೆ, ಹೂವೆಲ್ಲ ಬಾಯಿ ತೆರೆದಿರುವ ಹೊತ್ತಿಗೇ, ಎಲೆ ಹುಳಕ್ಕೆ ಅಂತ ಔಷಧಿ ಹೊಡೀತಿದ್ದೆ. ಎಷ್ಟು ಜೇನು ಸತ್ತವೋ, ನೆನೆದರೆ ಈಗಲೂ ಸಂಕಟ.

ಈ ಸಲ ಔಷಧಿ ನಿಲ್ಲಿಸಿದೆ. ಬೇವಿನೆಣ್ಣೆ ಹೊಡೆಯೋದಾದರೂ ಜೇನೆಲ್ಲ ಗೂಡು ಸೇರಿದ ಮೇಲೆ, ಸಂಜೆ. ಮೊನ್ನೆ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಳ್ಳಿ ಪಕ್ಕ ಕೂತೆ. ಒಂದು ಮುಜಂಟಿ ಗಂಡು ಹೂವಿನ ತಳಕ್ಕೇ ನುಗ್ಗಿ, ಮೈಯೆಲ್ಲ ಹಳದಿ ಪುಡಿ ಮಾಡಿಕೊಂಡು, ಹಿಂಗಾಲಿಗೆ ಪರಾಗದ ಉಂಡೆ ಮೆತ್ತಿಕೊಂಡು ಹೊರಗೆ ಬಂತು. ಆಮೇಲೆ ಪಕ್ಕದ ಹೆಣ್ಣು ಹೂವಿಗೆ, ಹಿಂದೆ ಮುಳ್ಳು ಮುಳ್ಳಾದ ಪುಟ್ಟ ಹೀಚು ಇರುತ್ತಲ್ಲ, ಆ ಹೂವಿನ ಮೇಲೆ ಕೂತು ಸುತ್ತೂ ಸುತ್ತಿತು. ಈಗ ಕಾಯಿ ನೆಟ್ಟಗೆ ಬರ್ತಿದೆ. ಹಾಗಲಕ್ಕೂ ಹೋಗ್ತಿವೆ.

ಎಲ್ಲ ತರಕಾರಿಗೂ ಇದೇ ಸಾಕು ಅಂತ ಮಾತ್ರ ನಂಬಬೇಡಿ. ಟೊಮೆಟೊ, ಬದನೆ ಹೂವಿನ ಪರಾಗ ಉದುರಬೇಕಾದರೆ ಹೂವನ್ನು ಗುಂಯ್ ಅಂತ ಅದುರಿಸಬೇಕು. ಅದು ದೊಡ್ಡ ಕಪ್ಪು ದುಂಬಿಯಂಥವುಗಳ ಕೆಲಸ, ಮುಜಂಟಿ ಕೈಲಾಗಲ್ಲ. ಹೀರೆ, ಸೋರೆ ಹೂ ಅರಳೋದೇ ಸಂಜೆ, ಅಷ್ಟೊತ್ತಿಗೆ ಮುಜಂಟಿ ಗೂಡು ಸೇರಿರುತ್ತೆ.

ಮುಜಂಟಿ ಗೂಡಿನಿಂದ ತುಂಬಾ ದೂರ ಹೋಗೋ ಜೇನಲ್ಲ. ಗಿಡದ ಹತ್ತಿರವೇ ಗೂಡಿರಬೇಕು. ಹಳೇ ಮನೆ ಕೆಡವುತ್ತಿದ್ದರೆ ದಯವಿಟ್ಟು ಸೀಮೆಎಣ್ಣೆ ಸುರೀಬೇಡಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಜೇನು ಕೃಷಿ ವಿಭಾಗವೇ ಇದೆ, ಗೂಡನ್ನು ಪೆಟ್ಟಿಗೆಗೆ ಸಾಗಿಸೋದು ಹೇಗೆ ಅಂತ ಮೊದಲು ಅಲ್ಲಿ ಕೇಳಿ.