ಚಿಕ್ಕ ಮೈದಾನಕ್ಕೆ ಚಿಕ್ಕ ವಿಮಾನ ಅನ್ನುವ ಲೆಕ್ಕ

"ಜಾಗ ಚಿಕ್ಕದು, ಚಿಕ್ಕ ವಿಮಾನ ತಗೊಂಡು ಹೋಗಿ." ರಿಮೋಟಿನಲ್ಲಿ ಹಾರಿಸುವ ವಿಮಾನಗಳ ಪ್ರದರ್ಶನದ ಹಿಂದಿನ ದಿನ ಆಫೀಸಿನಿಂದ ಬಂದ ಮೆಸೇಜು ಇಷ್ಟೇ. ಅದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಕಳಿಸಿದವರದು ಕೆಟ್ಟ ಉದ್ದೇಶವೇನಲ್ಲ, ಕೆಲಸ ಸಲೀಸಾಗಲಿ ಅಂತಲೇ ಕಳಿಸಿದ್ದರು. ಆದರೆ ರೆಕ್ಕೆ ಎಷ್ಟು ಉದ್ದ ಅಂತ ನೋಡಿ ಯಾವ ಮೈದಾನದಲ್ಲಿ ಇಳಿಯುತ್ತದೆ ಅಂತ ತೀರ್ಮಾನ ಮಾಡುವ ಅಭ್ಯಾಸ ಈ ಕೆಲಸದಲ್ಲಿ ಇರುವವರಲ್ಲೂ ತುಂಬಾ ಇದೆ. ಅದು ಹೋಗಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕೆಲಸ ಕಾಲೇಜುಗಳಿಗೆ ಹೋಗಿ ಆರ್‌ಸಿ (ರೇಡಿಯೋ ಕಂಟ್ರೋಲ್) ವಿಮಾನ ಹಾರಿಸಿ ತೋರಿಸುವುದು, ಆಮೇಲೆ ಆಸಕ್ತಿ ಇರುವ ಮಕ್ಕಳಿಗೆ ಕಲಿಸುವುದು. ನಮ್ಮ ಹತ್ತಿರ 1.4 ಮೀಟರ್ ರೆಕ್ಕೆಯ ಹೈ-ವಿಂಗ್ ಟ್ರೇನರ್ ಇದೆ, ಅಂದರೆ ರೆಕ್ಕೆ ಮೈಯ ಮೇಲ್ಭಾಗದಲ್ಲಿರುವ ಕಲಿಕೆಯ ವಿಮಾನ. ಫ್ಲ್ಯಾಪ್, ಅಂದರೆ ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂದಿನ ಅಂಚಿನಲ್ಲಿ ಕೆಳಗೆ ಬಾಗುವ ಪಟ್ಟಿ, ಇರುವಂಥದ್ದು. ಇನ್ನೊಂದು 80 ಸೆಂಟಿಮೀಟರಿನ ಫೋಮ್ ವಾರ್‌ಬರ್ಡ್, ಹಳೇ ಯುದ್ಧವಿಮಾನದ ಮಾದರಿ. ಆವತ್ತು ವ್ಯಾನಿಗೆ ಏರಿದ್ದು ವಾರ್‌ಬರ್ಡ್ ಮಾತ್ರ.

ಈಗ ತೂಕ ನೋಡಿ. ವಾರ್‌ಬರ್ಡ್ 4ಎಸ್ (ನಾಲ್ಕು ಸೆಲ್ಲಿನ) ಬ್ಯಾಟರಿ ಸೇರಿ 900 ಗ್ರಾಂ, ರೆಕ್ಕೆಯ ವಿಸ್ತೀರ್ಣ 12 ಚದರ ಡೆಸಿಮೀಟರ್. ಒಂದೊಂದು ಚದರ ಡೆಸಿಮೀಟರ್ ರೆಕ್ಕೆ ಹೊರುವ ತೂಕ, ಅಂದರೆ ವಿಂಗ್ ಲೋಡಿಂಗ್, 75 ಗ್ರಾಂ. ಟ್ರೇನರ್ 1.3 ಕೆಜಿ, ವಿಸ್ತೀರ್ಣ 32. ಲೋಡಿಂಗ್ 41ರ ಆಸುಪಾಸು. ಸ್ಟಾಲ್ ವೇಗ, ಅಂದರೆ ಅದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲಾರದ ವೇಗ, ಈ ಲೋಡಿಂಗಿನ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಅದರ ಜೊತೆಗೆ ವಾರ್‌ಬರ್ಡಿನ ರೆಕ್ಕೆ ತೆಳು, ಅಗಲ ಕಮ್ಮಿ. ಲೆಕ್ಕ ಹಾಕಿದರೆ ಅದು ಸೆಕೆಂಡಿಗೆ ಸುಮಾರು 10.4 ಮೀಟರಿಗೇ ಸ್ಟಾಲ್ ಆಗುತ್ತದೆ, ಟ್ರೇನರ್ 7.4ರವರೆಗೂ ತಡೆಯುತ್ತದೆ. ಅಪ್ರೋಚಿಗೆ, ಅಂದರೆ ಇಳಿಸಲು ತರುವಾಗಿನ ವೇಗಕ್ಕೆ, ಸ್ಟಾಲಿನ 1.3 ಪಟ್ಟು ಇಟ್ಟುಕೊಂಡರೆ ಒಂದಕ್ಕೆ 13.5, ಇನ್ನೊಂದಕ್ಕೆ 9.6. ನೆಲಕ್ಕೆ ತಾಗಿದ ಮೇಲೆ ಕರಗಿಸಬೇಕಾದದ್ದು ವೇಗದ ವರ್ಗ, ಹಾಗಾಗಿ ಚಿಕ್ಕ ವಿಮಾನಕ್ಕೆ ಹತ್ತಿರ ಹತ್ತಿರ ಎರಡರಷ್ಟು ಓಟ ಬೇಕು. ತಿರುವೂ ಅಷ್ಟೇ. 45 ಡಿಗ್ರಿ ವಾಲಿಸಿದರೆ ವಾರ್‌ಬರ್ಡಿನ ತ್ರಿಜ್ಯ 18 ಮೀಟರ್ ದಾಟುತ್ತದೆ, ಟ್ರೇನರಿಗೆ ಅದರ ಅರ್ಧ ಸಾಕು.

ಮೈದಾನ 60 ಮೀಟರ್ ಉದ್ದ, 40 ಅಗಲ. ಒಂದು ತುದಿಯಲ್ಲಿ 8 ಮೀಟರ್ ಎತ್ತರದ ಮರಗಳ ಸಾಲು, ಎದುರು ತುದಿಯಲ್ಲಿ ಮೂರು ಮಹಡಿಯ ಕಟ್ಟಡ. ಎಡಗಡೆ ಉದ್ದಕ್ಕೂ ಮಕ್ಕಳು. ಗಾಳಿ ಕಟ್ಟಡದ ಕಡೆಯಿಂದ ಬರುತ್ತಿತ್ತು, ಹಾಗಾಗಿ ಮರಗಳ ಮೇಲಿಂದಲೇ ಇಳಿಸಬೇಕು. ಮರದ ಮೇಲೆ ಒಂದು ಮೀಟರ್ ಬಿಟ್ಟರೆ 9 ಮೀಟರ್ ಎತ್ತರ. ಮೋಟರ್ ನಿಲ್ಲಿಸಿದ ವಾರ್‌ಬರ್ಡ್ ಒಂದು ಮೀಟರ್ ಇಳಿಯುವಷ್ಟರಲ್ಲಿ ಏಳು ಮೀಟರ್ ಮುಂದೆ ಹೋಗುತ್ತದೆ. ಅಲ್ಲಿಗೆ 63 ಮೀಟರ್ ಆಯಿತು, ಮೈದಾನ ಮುಗಿದೇ ಹೋಯಿತು. ಎದುರುಗಾಳಿ ಸೆಕೆಂಡಿಗೆ 3 ಮೀಟರ್ ಇದ್ದರೆ ಅದು 50ರ ಒಳಗೆ ಬರುತ್ತದೆ. ಆ ಗಾಳಿಯನ್ನೇ ನಾನು ನಂಬಿಕೊಂಡಿದ್ದೆ.

ಹಾರಾಟ ಚೆನ್ನಾಗಿಯೇ ಆಯಿತು. ಲೂಪ್, ರೋಲ್, ತಲೆಕೆಳಗಾಗಿ ಒಂದು ಪಾಸ್. ಮಕ್ಕಳು ಕೂಗುತ್ತಿದ್ದರು. ಇಳಿಸೋಣ ಅಂತ ತಿರುಗಿಸಿ ತಂದರೆ ಮರ ದಾಟುವಾಗಲೇ ಎತ್ತರ ಜಾಸ್ತಿ. "ಸರ್, ಹೈ ಇದೆ, ಹೈ ಇದೆ" ಅಂದ ನನ್ನ ಸ್ಪಾಟರ್, ಪಕ್ಕದಲ್ಲಿ ನಿಂತು ವಿಮಾನ ನೋಡಿ ಹೇಳುವವನು. ಥ್ರಾಟಲ್ (ಮೋಟರಿನ ಶಕ್ತಿ) ಕೊಟ್ಟು ಮೇಲೆತ್ತಿದೆ.

ಮತ್ತೆ ತಂದೆ, ಈ ಸಲ ಕೆಳಗೆ, ಇನ್ನೂ ನಿಧಾನ. ಮರದ ತುದಿಯ ಎಲೆಗಳು ಚೆನ್ನಾಗಿ ಅಲ್ಲಾಡುತ್ತಿದ್ದವು. ಎದುರುಗಾಳಿ ಇದೆ, ಇದು ನಿಲ್ಲುತ್ತದೆ ಅಂದುಕೊಂಡೆ. ಮರ ದಾಟಿತು. ನಾಲ್ಕೈದು ಮೀಟರ್ ಎತ್ತರಕ್ಕೆ ಬರುವಷ್ಟರಲ್ಲಿ ಎಡ ರೆಕ್ಕೆ ದಿಢೀರ್ ಅಂತ ಬಿತ್ತು. ಆ ಕ್ಷಣಕ್ಕೆ ನನ್ನ ಕಣ್ಣಿಗೆ ಬಿದ್ದದ್ದು ಕಾಲ ಬುಡದ ಹುಲ್ಲು. ಒಂದು ಎಸಳೂ ಅಲ್ಲಾಡುತ್ತಿರಲಿಲ್ಲ. ಕಟ್ಟಡದ ಮರೆಯಲ್ಲಿ ನೆಲದ ಹತ್ತಿರ ಗಾಳಿಯೇ ಇಲ್ಲ! ಮೇಲೆ 3 ಮೀಟರ್ ಎದುರುಗಾಳಿಯಲ್ಲಿ 13.5ರಲ್ಲಿ ಬಂದ ವಿಮಾನ, ಗಾಳಿ ಸತ್ತ ಜಾಗಕ್ಕೆ ಇಳಿದ ಕೂಡಲೇ 10.5ಕ್ಕೆ ಬಂದುಬಿಡುತ್ತದೆ. ಸ್ಟಾಲ್ ಅಲ್ಲೇ ಇದೆ.

ಇಂಥ ಹೊತ್ತಲ್ಲಿ ಥ್ರಾಟಲ್ ಪೂರ್ತಿ ತಳ್ಳಬೇಕು ಅಂತ ಕೈ ಹೇಳುತ್ತದೆ. ಚಿಕ್ಕ ಮೈಗೆ ದೊಡ್ಡ ಮೋಟರ್ ಇರುವಾಗ ಪೂರ್ತಿ ತಳ್ಳಿದರೆ ಟಾರ್ಕಿಗೆ, ಅಂದರೆ ಪ್ರೊಪೆಲ್ಲರ್ ತಿರುಗುವಾಗ ಮೈಯನ್ನು ಎದುರು ದಿಕ್ಕಿಗೆ ತಿರುಚುವ ಬಲಕ್ಕೆ, ಅದು ಇನ್ನೂ ಎಡಕ್ಕೆ ಉರುಳುತ್ತದೆ. ಎಡಗಡೆ ಮಕ್ಕಳು. ಮೂಗು ಎತ್ತುವ ಎಲಿವೇಟರ್ ಬಿಟ್ಟು, ಮೂಗನ್ನು ಬಲಕ್ಕೆ ತಿರುಗಿಸುವ ರಡ್ಡರ್ ಒತ್ತಿ, ಥ್ರಾಟಲ್ ಅರ್ಧಕ್ಕೆ ತಂದು, ರೆಕ್ಕೆ ಸಮವಾದ ಮೇಲೆ ಪೂರ್ತಿ ಕೊಟ್ಟೆ. ಇಷ್ಟೂ ಆಗಿದ್ದು ಒಂದು ಉಸಿರಿನಲ್ಲಿ. ವಿಮಾನ ಕಟ್ಟಡದ ಬಲ ಮೂಲೆಯ ಪಕ್ಕದಿಂದ ಮೇಲೆ ಹೋಯಿತು. ಜೋರು ಚಪ್ಪಾಳೆ. ಅದೂ ಪ್ರದರ್ಶನದ ಭಾಗ ಅಂದುಕೊಂಡಿದ್ದರು.

ಆಗ ವಿಮಾನದ ಬ್ಯಾಟರಿ ಎಷ್ಟಿದೆ ಅಂತ ತಿಳಿಸುವ ಟೆಲಿಮೆಟ್ರಿ ಕೂಗಲು ಶುರು ಮಾಡಿತು. ಸೆಲ್ಲಿಗೆ 3.5 ವೋಲ್ಟ್, ಬ್ಯಾಟರಿ ಮುಗಿಯುತ್ತಾ ಬಂದಿದೆ.

ಮರದ ಸಾಲು ಎಡ ಮೂಲೆಗೆ ಬರುವ ಮೊದಲೇ ಮುಗಿಯುತ್ತಿತ್ತು. ಆ ಮೂಲೆಯಿಂದ ಒಳಗೆ ಬಂದು ಎದುರು ಮೂಲೆಗೆ ಅಡ್ಡಡ್ಡ ಇಳಿಸಿದರೆ 72 ಮೀಟರ್ ಸಿಗುತ್ತದೆ, ದಾಟಲು ಮರವೂ ಇಲ್ಲ. ಆದರೆ ಆ ದಾರಿ ಮಕ್ಕಳ ತಲೆ ಮೇಲಿಂದಲೇ ಹೋಗುತ್ತದೆ. "ಎಲ್ಲರನ್ನೂ ಕಾರಿಡಾರಿಗೆ ಕಳಿಸು, ಓಡು" ಅಂದೆ. ಸ್ಪಾಟರ್ ಓಡಿದ. ಮೇಷ್ಟ್ರುಗಳು ಎಬ್ಬಿಸಿದರೂ ಮಕ್ಕಳು ಮೊಬೈಲು ಹಿಡಿದು ಹಿಂದೆ ಹಿಂದೆ ನೋಡಿಕೊಂಡೇ ಹೋಗುತ್ತಿದ್ದರು. ನಾನು ಥ್ರಾಟಲ್ ಕನಿಷ್ಠಕ್ಕೆ ಇಟ್ಟು ಮರಗಳ ಆಚೆ ಸುತ್ತು ಹಾಕಿಸುತ್ತಿದ್ದೆ. ಆ ದೂರಕ್ಕೆ 80 ಸೆಂಟಿಮೀಟರಿನ ವಿಮಾನ ಬರೀ ಕಪ್ಪು ಗೆರೆ. ನನ್ನ ಕಡೆ ಬರುತ್ತಿದೆಯೋ ದೂರ ಹೋಗುತ್ತಿದೆಯೋ ಅಂತ ಪ್ರತಿ ತಿರುವಿನಲ್ಲೂ ಅನುಮಾನ. ಚಿಕ್ಕ ವಿಮಾನದ ಈ ತೊಂದರೆಯನ್ನು ಯಾರೂ ಲೆಕ್ಕಕ್ಕೇ ತಗೊಳ್ಳುವುದಿಲ್ಲ ಅಲ್ವಾ?

ಸ್ಪಾಟರ್ ಕೈ ಎತ್ತಿದ. ಮೂಲೆಯಿಂದ ತಂದೆ, ಈ ಸಲ ವೇಗ ಕಳೆಯದೆ. ಹೊಟ್ಟೆ ಮೇಲೆ ಕೂತು, ಹುಲ್ಲಿನಲ್ಲಿ ಜಾರಿ, ಎದುರು ಮೂಲೆಯ ಬೇಲಿಗೆ ಸ್ವಲ್ಪ ಮುಂಚೆ ನಿಂತಿತು. ಪ್ರೊಪೆಲ್ಲರ್ ಮುರಿದಿತ್ತು, ಬೇರೇನೂ ಇಲ್ಲ. ರಿಪೋರ್ಟಿನಲ್ಲಿ "ಕಾರ್ಯಕ್ರಮ ಯಶಸ್ವಿ" ಅಂತ ಹೋಯಿತು. ಲ್ಯಾಂಡಿಂಗ್ ಬಗ್ಗೆ ನಾನು ಬರೆದಿದ್ದ ಪ್ಯಾರಾವನ್ನು ಮೇಲಿನವರು ತೆಗೆದುಹಾಕಿದ್ದರು. ಅದು ಸರಿಯಲ್ಲ. ಹಾಗೆ ತೆಗೆದರೆ ಮುಂದಿನ ಮೈದಾನಕ್ಕೂ ಅದೇ ಮೆಸೇಜು ಬರುತ್ತದೆ.

ಹಾಗಂತ ದೊಡ್ಡದಾದರೆ ಒಳ್ಳೆಯದು ಅಂತಲೂ ಅಲ್ಲ. ಒಂದೇ ಥರ ಕಟ್ಟಿ ರೆಕ್ಕೆಯನ್ನು ಎರಡರಷ್ಟು ಮಾಡಿದರೆ ವಿಸ್ತೀರ್ಣ ನಾಲ್ಕರಷ್ಟು, ತೂಕ ಎಂಟರಷ್ಟು ಆಗುತ್ತದೆ. ಲೋಡಿಂಗ್ ಮತ್ತೆ ಎರಡು ಪಟ್ಟು. "ಹಾಗಾದ್ರೆ ಗ್ಲೈಡರ್ ತಗೊಂಡು ಹೋಗೋಣ, ಅದು ಹಗುರ" ಅಂತ ಒಬ್ಬ ಸಹೋದ್ಯೋಗಿ ಅಂದರು. ಒಂದಕ್ಕೆ ಹದಿನೈದರಂತೆ ತೇಲುವ ಎರಡು ಮೀಟರಿನ ಗ್ಲೈಡರ್ ಆ ಮರ ದಾಟಿದ ಮೇಲೆ 135 ಮೀಟರ್ ಕೇಳುತ್ತದೆ. ನೆಲದ ಹತ್ತಿರ ಬಂದಾಗ ಗ್ರೌಂಡ್ ಎಫೆಕ್ಟಿನಲ್ಲಿ ಇನ್ನೂ ತೇಲುತ್ತದೆ. ರೆಕ್ಕೆಯ ಮೇಲೆ ಎದ್ದು ಎತ್ತುವ ಬಲವನ್ನು ಕಡಿಮೆ ಮಾಡುವ ಸ್ಪಾಯ್ಲರ್ ಇಲ್ಲದಿದ್ದರೆ ಅದು ಕೆಳಗೇ ಬರುವುದಿಲ್ಲ. ಇನ್ನೂರು ಗ್ರಾಮಿನ ಫೋಮ್ ವಿಮಾನಗಳು ತುಂಬಾ ನಿಧಾನವಾಗಿ ಇಳಿಯುತ್ತವೆ ನಿಜ, ಆದರೆ ಮರದ ಹಿಂದಿನ ಸುಳಿಗಾಳಿಗೆ ಸಿಕ್ಕರೆ ಎಲ್ಲಿಗೋ ಹೋಗುತ್ತವೆ.

ಚಿಕ್ಕ ಜಾಗಕ್ಕೆ ಬೇಕಾದದ್ದು ಹಗುರವಾಗಿಯೂ ಇರಬೇಕು, ಬೇಕೆಂದಾಗ ಕಡಿದಾಗಿಯೂ ಇಳಿಯಬೇಕು. ದಪ್ಪ ರೆಕ್ಕೆ, ಕಮ್ಮಿ ಲೋಡಿಂಗ್, ಫ್ಲ್ಯಾಪ್. ನಮ್ಮ ಟ್ರೇನರ್ ಪೂರ್ತಿ ಫ್ಲ್ಯಾಪಿನಲ್ಲಿ ಒಂದಕ್ಕೆ ನಾಲ್ಕೂವರೆಯಂತೆ ಇಳಿಯುತ್ತದೆ. ಅದೇ ಮರ ದಾಟಿ ಸುಮಾರು 40 ಮೀಟರಿಗೆ ನೆಲ ಮುಟ್ಟುತ್ತದೆ, ಗಾಳಿಯ ಸಹಾಯವಿಲ್ಲದೆ. ಉದ್ದ ಹುಲ್ಲಿದ್ದರೆ ಅದರ ಚಕ್ರ ತೆಗೆದುಬಿಡುತ್ತೇನೆ. ಚಿಕ್ಕ ಚಕ್ರ ಹುಲ್ಲಿಗೆ ಸಿಕ್ಕಿ ಮೂಗು ಊರುವುದಕ್ಕಿಂತ ಹೊಟ್ಟೆ ಮೇಲೆ ಜಾರುವುದು ಎಷ್ಟೋ ವಾಸಿ.

ಈಗ ಇಂಥ ಮೈದಾನಗಳಿಗೆ ಟ್ರೇನರನ್ನೇ ಒಯ್ಯುತ್ತೇನೆ. 3300 ಎಂಎಎಚ್ ಬ್ಯಾಟರಿ ಬದಲು ಅದಕ್ಕಿಂತ ಚಿಕ್ಕ 3ಎಸ್ 2200 ಹಾಕುತ್ತೇನೆ, 80–90 ಗ್ರಾಂ ಇಳಿಯುತ್ತದೆ. ಮೂಗು ಹಗುರವಾಗುವುದರಿಂದ ಬ್ಯಾಟರಿಯನ್ನು ಮುಂದಕ್ಕೆ ತಳ್ಳಿ ಸಿಜಿ (ಗುರುತ್ವ ಕೇಂದ್ರ) ಮತ್ತೆ ನೋಡಲೇಬೇಕು. ಹಾರಾಟದ ಸಮಯ ಕಮ್ಮಿಯಾಯಿತು ಅಂತ ಆಫೀಸಿನಲ್ಲಿ ಗೊಣಗಾಟ ಇದ್ದೇ ಇದೆ. ನಾನಂತೂ ದೊಡ್ಡ ಬ್ಯಾಟರಿ ವಾಪಸ್ ಹಾಕುವುದಿಲ್ಲ.